ಗುಡ್ಡದ ಒಳಗೆ, ರೆಕ್ಕೆಯ ಕೆಳಗೆ

ಹೊಸೂರು
14 ಆಗಸ್ಟ್ 2019

ಸುಪ್ರಿತಕ್ಕನಿಗೆ,

ಅಂಚೆಯವರು ಕಾಗದ ತಂದರೆಂದು ಹೆದರಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ನಮ್ಮ ಮಾತು 'ಊಟ ಆಯ್ತಾ' ಎಂಬಲ್ಲಿಂದ ಮುಂದಕ್ಕೆ ಹೋಗುವುದೇ ಇಲ್ಲ. ನಮ್ಮ ಮನೆ ಇರುವುದು ಗುಡ್ಡದ ಬುಡದಲ್ಲಿ. ರೇಂಜ್ ಸಿಗಬೇಕಾದರೆ ನೀನು ಮೇಲಿನ ಗೇರು ಮರದವರೆಗೆ ಹತ್ತಬೇಕು, ನಿನ್ನ ಹಿಂದೆ ಅಮ್ಮ ಏದುಸಿರು ಬಿಡುತ್ತಾ ಬರಬೇಕು, ಅಷ್ಟರಲ್ಲಿ ಕಾಲ್ ಕಟ್ ಆಗುತ್ತದೆ. ಈಗ ನನಗೆ ಸ್ವಲ್ಪ ಬಿಡುವು ಸಿಕ್ಕಿದೆ. ಹಾಗಾಗಿ ಬರೆಯುತ್ತಿದ್ದೇನೆ.

ಬಿಡುವು ಯಾಕೆಂದರೆ, ಗಾಡಿಗಳು ಮಾರಿ ಹೋಗುತ್ತಿಲ್ಲ. ನಾವು ಮಾಡುವುದು ಲಾರಿಯ ಗೇರ್ ಬಾಕ್ಸಿನ ಶಾಫ್ಟ್. ಲಾರಿಯೇ ಬೇಡವೆಂದ ಮೇಲೆ ಶಾಫ್ಟ್ ಯಾರಿಗೆ ಬೇಕು? ವಾರದಲ್ಲಿ ಅರ್ಧ ದಿನಗಳು ಬರಬೇಡಿ ಎಂದಿದ್ದಾರೆ. ಕಾಂಟ್ರ್ಯಾಕ್ಟ್ ಹುಡುಗರಲ್ಲಿ ಕೆಲವರನ್ನು ತೆಗೆದೂ ಆಯಿತು. ನನ್ನ ಬಗ್ಗೆ ಚಿಂತೆ ಬೇಡ. ಸೂಪರ್‌ವೈಸರಿಗೆ ನನ್ನ ಕೆಲಸ ಇಷ್ಟ.

ಮೊನ್ನೆ ಭಾನುವಾರ ರೂಮಿನವರೆಲ್ಲ ಸೇರಿ ಊರ ಹೊರಗೆ ನಡೆಯಲು ಹೋಗಿದ್ದೆವು. ಒಂದು ದೊಡ್ಡ ಬಯಲು. ಅದರ ತುಂಬ ಹೊಸ ಲಾರಿಗಳು, ಅಕ್ಕ! ಒಂದಕ್ಕೂ ನಂಬರ್ ಇಲ್ಲ, ಸೀಟಿನ ಪ್ಲಾಸ್ಟಿಕ್ ಹರಿದಿಲ್ಲ. ಸಾಲು ಸಾಲಾಗಿ, ಕಣ್ಣು ಸೋಲುವವರೆಗೆ. ಗಾಲಿಗಳ ಸುತ್ತ ಮೊಣಕಾಲೆತ್ತರ ಹುಲ್ಲು ಬಂದಿದೆ. ಒಂದು ಬಂಪರಿನ ಸಂದಿಯಲ್ಲಿ ಹಕ್ಕಿ ಗೂಡು ಕಟ್ಟಿತ್ತು. ಅಷ್ಟು ಲಾರಿಗಳಿದ್ದರೂ ಒಂದು ಶಬ್ದವಿಲ್ಲ. ನಾವು ಕೂಡ ಪಿಸುಗುಟ್ಟಿಕೊಂಡೇ ನಡೆದೆವು, ಯಾರೋ ಮಲಗಿದ್ದಾರೆ, ಎಬ್ಬಿಸಬಾರದು ಎಂಬಂತೆ. ಇವುಗಳಲ್ಲಿ ಯಾವುದರ ಹೊಟ್ಟೆಯಲ್ಲಿ ನಾನು ಮಾಡಿದ ಶಾಫ್ಟ್ ಉಂಟೋ ಎಂದು ನೋಡುತ್ತಾ ನಿಂತೆ.

ನಿನ್ನ ಗೇರುಬೀಜದ ಫ್ಯಾಕ್ಟರಿ ಹೇಗಿದೆ? ಅಮ್ಮನ ಸೊಂಟನೋವು?

ನಿನ್ನ ತಮ್ಮ,
ಯತಿನ್


ಬೆಟ್ಟಂಪಾಡಿ
10 ಸೆಪ್ಟೆಂಬರ್ 2019

ಪ್ರೀತಿಯ ಯತಿನ್‌ಗೆ,

ನಿನ್ನ ಕಾಗದ ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಹಕ್ಕಿ ಗೂಡಿನ ಲಾರಿಯನ್ನು ಯಾರಾದರೂ ಕೊಂಡು ಹೋದರೆ ಮರಿಗಳ ಗತಿ ಏನು ಎಂದು ಕೇಳಿದಳು. ನೀನೇ ಉತ್ತರ ಹೇಳು.

ನಮ್ಮ ಫ್ಯಾಕ್ಟರಿ ಮುಚ್ಚಿತು. ಮಳೆಗಾಲ ಕಳೆದ ಮೇಲೆ ನೋಡುವ ಎಂದು ಮ್ಯಾನೇಜರ್ ಹೇಳಿದರು, ಆದರೆ ಹೇಳುವಾಗ ಅವರು ನಮ್ಮ ಮುಖ ನೋಡಲಿಲ್ಲ. ಹೊರದೇಶದಿಂದ ಬೀಜ ಬರುವುದಿಲ್ಲವಂತೆ, ಬಂದರೂ ನಮ್ಮಲ್ಲಿ ಒಡೆಸಿದರೆ ಗಿಟ್ಟುವುದಿಲ್ಲವಂತೆ. ಬೀಗ ಹಾಕಿದ ಮೇಲೂ ನಾವು ಹೆಂಗಸರು ಗೇಟಿನ ಹತ್ತಿರ ಸುಮಾರು ಹೊತ್ತು ಕೂತಿದ್ದೆವು. ಪೂಜಿತಾ ನಿನಗೆ ಗೊತ್ತಲ್ಲ, ನನ್ನ ಬದಿಯಲ್ಲೇ ಕೂತು ಬೀಜ ಒಡೆಯುತ್ತಿದ್ದವಳು, ಚೀಲದಿಂದ ಬುತ್ತಿ ತೆಗೆದು, "ಊಟ ಹಾಳು ಮಾಡುದು ಯಾಕೆ, ತಿನ್ನುವ," ಎಂದಳು. ಎಲ್ಲರೂ ಅಲ್ಲೇ ಉಂಡು ಎದ್ದೆವು.

ಬೀಜದ ಎಣ್ಣೆಗೆ ನನ್ನ ಬೆರಳುಗಳು ಕಪ್ಪಾಗಿದ್ದವಲ್ಲ, ಎಷ್ಟು ಉಜ್ಜಿದರೂ ಹೋಗದೆ ಇದ್ದದ್ದು, ಅದು ಈಗ ತಾನಾಗಿ ಹೋಗಿದೆ. ಬೆಳಿಗ್ಗೆ ಎದ್ದು ಕೈ ನೋಡಿಕೊಂಡರೆ ಇನ್ನಾರದ್ದೋ ಕೈ ಕಂಡ ಹಾಗಾಗುತ್ತದೆ.

ಇನ್ನೊಂದು ವಿಷಯ. ಕಳೆದ ಏಪ್ರಿಲಿನಲ್ಲಿ ಬಾವಿ ಬತ್ತಿ, ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದ್ದು ಅಮ್ಮ ಮರೆತಿಲ್ಲ. ಗಡಿಯಾಚೆ ಕೇರಳದ ಅಹ್ಮದ್ ಕುಂಞಿ ಬಂದಿದ್ದರು, ಸುರಂಗ ತೋಡುವವರು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಒಬ್ಬ ಮನುಷ್ಯ ನಡೆಯುವಷ್ಟೇ ಅಗಲಕ್ಕೆ ಕೊರೆದುಕೊಂಡು ಹೋಗುವುದು. ನೀರು ಸಿಕ್ಕಿದರೆ ಪಂಪೂ ಬೇಡ, ಕರೆಂಟೂ ಬೇಡ, ತಾನಾಗಿ ಹರಿದು ಬರುತ್ತದೆ. ಅಹ್ಮದಿಚ್ಚ ಮಳೆಯಲ್ಲೇ ಕೊಡೆ ಹಿಡಿದು ನಮ್ಮ ಗುಡ್ಡವನ್ನು ಮೇಲಿಂದ ಕೆಳಗೆ ಸುತ್ತಿ, ಹುತ್ತಗಳನ್ನೂ ಮರಗಳನ್ನೂ ನೋಡಿ ಬಂದು, "ನೀರು ಉಂಟು. ಆದ್ರೆ ನನ್ನ ಮೊಣಕಾಲು ಇಲ್ಲ," ಎಂದರು. ಕೂತು ಪಿಕ್ಕಾಸು ಹಾಕಲು ಅವರಿಂದ ಇನ್ನು ಆಗುವುದಿಲ್ಲ. ಜನ ಸಿಕ್ಕಿದರೆ ಮಳೆ ನಿಂತ ಮೇಲೆ ಶುರು ಮಾಡುತ್ತಾರೆ.

ಫ್ಯಾಕ್ಟರಿ ಮುಚ್ಚಿತೆಂದು ನೀನು ತಲೆ ಕೆಡಿಸಿಕೊಳ್ಳಬೇಡ. ನಿನ್ನ ಕೆಲಸ ಇದೆಯಲ್ಲ, ಅಮ್ಮನಿಗೆ ಅದೇ ಧೈರ್ಯ.

ನಿನ್ನ ಅಕ್ಕ


ಹಿರಿಯೂರು
21 ನವೆಂಬರ್ 2019

ಅಕ್ಕ,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ಬೈಯುವುದಾದರೆ ತುಳುವಿನಲ್ಲೇ ಬೈ. ಕನ್ನಡದಲ್ಲಿ ಬೈದರೆ ಮಾಷ್ಟ್ರು ಬೈದ ಹಾಗಾಗುತ್ತದೆ.

ಕಂಪನಿಯವರು ಈಗ ನನ್ನನ್ನು ಹೊರಗಿನ ಕೆಲಸಕ್ಕೆ ಹಾಕಿದ್ದಾರೆ, ಸಾಮಾನು ಸಾಗಿಸುವ ಗಾಡಿಗಳ ಜೊತೆ. ಹೊಸೂರಿನ ರೂಮು ಬಿಟ್ಟಿದ್ದೇನೆ. ಇಲ್ಲಿ ಹೈವೇ ಬದಿಯಲ್ಲಿ ಒಂದು ಹೋಟೆಲ್ ಉಂಟು, ನಮ್ಮ ಉಪ್ಪಿನಂಗಡಿಯ ಮಿದ್ಲಾಜ್ ಎಂಬ ಡ್ರೈವರಿಗೆ ಅದರ ಮಾಲಕರ ಪರಿಚಯ. ಕೆಳಗೆ ವಿಳಾಸ ಕೊಟ್ಟಿದ್ದೇನೆ. ಅಲ್ಲಿಗೆ ಬರೆದರೆ ನಾನು ಎಲ್ಲಿದ್ದರೂ ಸಿಗುತ್ತದೆ.

ನಿನಗೆ ಒಂದು ಸಂಗತಿ ಹೇಳಲೇಬೇಕು. ಇಲ್ಲಿ ರಸ್ತೆಯಲ್ಲಿ ಒಂದು ರೆಕ್ಕೆ ನೋಡಿದೆ. ಗುಡ್ಡದ ಮೇಲೆ ನಿಲ್ಲಿಸುವ ಗಾಳಿಯಂತ್ರದ್ದು. ದೂರದಿಂದ ನೋಡಿದರೆ ಅದು ಮನೆಯ ಫ್ಯಾನಿನ ರೆಕ್ಕೆಯಷ್ಟೇ ಕಾಣುತ್ತದೆ. ಒಂದೇ ಒಂದು ರೆಕ್ಕೆಯನ್ನು ನಮ್ಮ ಬೆಟ್ಟಂಪಾಡಿ ಶಾಲೆಯ ಮೈದಾನದಲ್ಲಿ ಮಲಗಿಸಿದರೆ ತುದಿ ರಸ್ತೆಗೆ ಬಂದೀತು! ಬೆಳಿಗ್ಗೆ ಮಂಜಿನಲ್ಲಿ ಲಾರಿ ಕಾಣುವುದಿಲ್ಲ. ಬಿಳಿ ರೆಕ್ಕೆ ಮಾತ್ರ, ನೆಲ ಮುಟ್ಟದೆ, ಮೆಲ್ಲ ಮೆಲ್ಲ ಬರುತ್ತದೆ. ಹಿಂದಿನ ಗಾಲಿಗಳನ್ನು ತಿರುಗಿಸಲು ಬೇರೆಯೇ ಒಬ್ಬ, ಕೈಯಲ್ಲಿ ರಿಮೋಟ್ ಹಿಡಿದು ಪಕ್ಕದಲ್ಲಿ ನಡೆಯುತ್ತಾನೆ. ಹೈವೇ ಬಿಟ್ಟು ಹಳ್ಳಿಯ ದಾರಿಗೆ ಇಳಿದರೆ ಒಂದು ತಿರುವಿಗೆ ಅರ್ಧ ದಿನ. ಊರವರೆಲ್ಲ ಅಂಗಡಿ ಮುಚ್ಚಿ ಬಂದು ನಿಲ್ಲುತ್ತಾರೆ. ಮಕ್ಕಳು ಓಡಿ ಬಂದು ಒಮ್ಮೆ ಮುಟ್ಟಿ ಓಡಿ ಹೋಗುತ್ತಾರೆ.

ಎಲ್ಲರಿಗಿಂತ ಮುಂದೆ ಒಬ್ಬ ಹುಡುಗ ನಡೆಯುತ್ತಾನೆ. ಅವನ ಕೈಯಲ್ಲಿ ತುದಿಗೆ ಕವೆ ಇರುವ ಉದ್ದದ ಕೋಲು. ಲೈನಿನವರು ಕರೆಂಟು ತೆಗೆದ ಮೇಲೆ ಅವನು ಬೀದಿಯ ತಂತಿಗಳನ್ನು ಒಂದೊಂದಾಗಿ ಮೇಲೆತ್ತಿ ಹಿಡಿಯಬೇಕು, ರೆಕ್ಕೆ ಅಡಿಯಿಂದ ದಾಟಬೇಕು. ತಲೆಯ ಮೇಲೆ ಅದು ಹೋಗುತ್ತಾ ಇರುತ್ತದೆ, ಹೋಗುತ್ತಾ ಇರುತ್ತದೆ, ಮುಗಿಯುವುದೇ ಇಲ್ಲ. ಅಷ್ಟು ಹೊತ್ತು ಅವನಿಗೆ ಉಸಿರಾಡಲು ನೆನಪಾಗುವುದಿಲ್ಲವಂತೆ.

ಹಕ್ಕಿ ಮರಿಗಳು ಹಾರಿ ಹೋದವು ಎಂದು ಅಮ್ಮನಿಗೆ ಹೇಳು.

ಯತಿನ್


ಬೆಟ್ಟಂಪಾಡಿ
15 ಡಿಸೆಂಬರ್ 2019

ಯತಿನ್,

ಸುರಂಗ ಶುರುವಾಯಿತು. ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿಗಿಂತ ಸ್ವಲ್ಪ ಮೇಲೆ. ಅಹ್ಮದಿಚ್ಚನಿಗೆ ಒಬ್ಬ ಜನ ಸಿಕ್ಕಿದ್ದಾನೆ, ರಕ್ಷಿತ್ ಎಂದು ಹೆಸರು. ಅವನ ಫ್ಯಾಕ್ಟರಿಯೂ ಮುಚ್ಚಿದೆಯಂತೆ. ಅವನು ಒಳಗೆ ಅಗೆಯುವುದು, ಪೂಜಿತಾ ಮಣ್ಣನ್ನು ಅಡಿಕೆ ಹಾಳೆಯಲ್ಲಿ ತುಂಬಿ ಹಗ್ಗ ಕಟ್ಟಿ ಹೊರಗೆ ಎಳೆಯುವುದು, ಅಹ್ಮದಿಚ್ಚ ಬಾಯಿಯ ಹತ್ತಿರ ಸ್ಟೂಲು ಹಾಕಿ ಕೂತು ದಾರಿ ಹೇಳುವುದು. ಪಿಕ್ಕಾಸಿನ ಶಬ್ದ ಕೇಳಿಯೇ ಮುಂದೆ ಎಂಥ ಮಣ್ಣೆಂದು ಅವರಿಗೆ ತಿಳಿಯುತ್ತದೆ.

ಮೊದಲ ವಾರ ಬರೀ ಗಟ್ಟಿ ಕೆಂಪು ಮುರಕಲ್ಲು. ರಕ್ಷಿತ್‌ನ ಕೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಬೇಗ ಬೇಗ ಹೊಡೆಯುತ್ತಿದ್ದ. ಅಹ್ಮದಿಚ್ಚ ಹೊರಗಿನಿಂದ, "ಗುಡ್ಡಕ್ಕೆ ಅವಸರ ಇಲ್ಲ. ನಿಂಗೆ ಉಂಟಾ?" ಎಂದು ಕೇಳಿದರು. ಆಮೇಲೆ ಅವನ ಕೈ ನಿಧಾನವಾಯಿತು.

ಈಗ ಒಳಗೆ ಸಾಕಷ್ಟು ದೂರ ಹೋಗಿದೆ. ಅಲ್ಲಿ ಹೇಗಿರುತ್ತದೆಂದು ರಕ್ಷಿತ್ ಹೇಳಿದ್ದನ್ನು ಬರೆಯುತ್ತೇನೆ. ಮೊದಲು ಬೇರುಗಳು ಸಿಗುತ್ತವೆ, ಮೇಲಿನ ಗೇರು ಮರದ್ದು. ಅಷ್ಟು ಆಳದಲ್ಲೂ ಅವು ನೀರು ಹುಡುಕಿ ಬಂದಿವೆ. ಆಮೇಲೆ ಬೇರೂ ಮುಗಿಯುತ್ತದೆ. ಅಲ್ಲಿಂದ ಮುಂದೆ ಒಂದು ಇರುವೆಯೂ ಇಲ್ಲ. ಕೆಂಪು ಕಳೆದು ಹಳದಿ ಮಣ್ಣು, ಹಳದಿಯ ನಡುವೆ ಹಾಲಿನಂಥ ಬಿಳಿ ಗೆರೆ, ಅಲ್ಲಲ್ಲಿ ನೇರಳೆ ಬಣ್ಣ. ಯಾರೂ ನೋಡಲಿಕ್ಕೆ ಇಲ್ಲದ ಜಾಗದಲ್ಲಿ ಇಷ್ಟು ಬಣ್ಣ ಯಾಕೆ? ಪಿಕ್ಕಾಸು ನಿಲ್ಲಿಸಿದರೆ ತನ್ನ ಎದೆ ಬಡಿಯುವುದು ಗೋಡೆಯಿಂದ ಕೇಳಿಸುತ್ತದಂತೆ, ಗುಡ್ಡದ್ದೇ ಎದೆಯೋ ಎಂಬಂತೆ.

ಗಾಳಿ ಇದೆಯೋ ಎಂದು ತಿಳಿಯಲು ಹತ್ತಿರದಲ್ಲೇ ಮೇಣದ ಬತ್ತಿ ಉರಿಸಿಡುತ್ತಾರೆ. ಅದು ಸಣ್ಣದಾದರೆ ಹೊರಗೆ ಬರಬೇಕು. ಕೆಲಸಕ್ಕೆ ಬೆಳಕು ಬೇರೆ. ಹೊರಗೆ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಕಳಿಸುವುದು. ಕನ್ನಡಿ ಹಿಡಿಯುವವಳು ಅಮ್ಮ! ಶುರುವಿನಲ್ಲಿ ಅವಳು ಯಾರ ಹತ್ತಿರವೂ ಮಾತಾಡದೆ ಮುಖ ಊದಿಸಿಕೊಂಡಿದ್ದಳು, ಯಾಕೆಂದು ಕೇಳಬೇಡ. ಮತ್ತೆ ಒಂದು ದಿನ ತಾನೇ ಗೋಡೆಯ ಕನ್ನಡಿ ಇಳಿಸಿಕೊಂಡು ಬಂದು ನಿಂತಳು. ಸೂರ್ಯ ಜರುಗಿದ ಹಾಗೆ ಅವಳೂ ಜರುಗುತ್ತಾಳೆ. ಒಳಗಿನಿಂದ ನೋಡಿದರೆ ಬೆಳಕು ಹಗ್ಗದ ಹಾಗೆ ನೇರ ಬಂದು ಎದುರಿನ ಗೋಡೆಗೆ ಮುಟ್ಟುತ್ತದೆ. ಅದು ಅಲ್ಲಾಡಿದರೆ ಅಮ್ಮನ ಕೈ ಸೋತಿತು ಎಂದು ಅರ್ಥ.

ರೆಕ್ಕೆಯ ಬಗ್ಗೆ ಇನ್ನೂ ಬರಿ.

ಅಕ್ಕ


ಹಿರಿಯೂರು
3 ಜನವರಿ 2020

ಅಕ್ಕ,

ಒಂದು ಮಾತು ನೇರವಾಗಿ ಕೇಳುತ್ತೇನೆ, ಕೋಪ ಮಾಡಬೇಡ. ಈ ರಕ್ಷಿತ್ ಯಾರು?

ನಿನ್ನ ಕಾಗದದಲ್ಲಿ ಅಹ್ಮದಿಚ್ಚನಿಗಿಂತ ಅವನೇ ಹೆಚ್ಚು. ಅವನ ಕೈಯ ಬೊಬ್ಬೆ, ಅವನ ಎದೆಯ ಬಡಿತ! ಮಣ್ಣು ತೋಡುವವನೊಬ್ಬನಿಗೆ ಕತ್ತಲೆಯಲ್ಲಿ ಏನನಿಸುತ್ತದೆಂದು ನಿನಗೆ ಇಷ್ಟು ತಿಳಿಯಬೇಕಾದರೆ ನೀವಿಬ್ಬರು ಎಷ್ಟು ಮಾತಾಡಿರಬೇಕು? ಅಮ್ಮ ಮುಖ ಊದಿಸಿಕೊಂಡ ಕಾರಣವೂ ನನಗೆ ಅರ್ಥವಾಯಿತು. ನಾನು ಸಣ್ಣವನೇ, ಆದರೂ ಅಪ್ಪ ಇಲ್ಲದ ಮನೆಯಲ್ಲಿ ಇದನ್ನು ನಾನೇ ಕೇಳಬೇಕು. ಅವನು ಕುಡಿಯುತ್ತಾನಾ? ಮನೆ ಎಲ್ಲಿ? ಒಳ್ಳೆಯವನಾದರೆ ಹೇಳು, ಅಮ್ಮನ ಹತ್ತಿರ ನಾನು ಮಾತಾಡುತ್ತೇನೆ. ಫ್ಯಾಕ್ಟರಿ ಕಳೆದುಕೊಂಡ ಹುಡುಗ ಎಂದು ಅವಳು ಬೇಡ ಎಂದಾಳು. ಕೆಲಸ ಹೋದವರೆಲ್ಲ ಕೈಲಾಗದವರಲ್ಲ, ಅಕ್ಕ. ಇದನ್ನು ನೀನೂ ನೆನಪಿಟ್ಟುಕೋ. ಜಾಗ್ರತೆಯಾಗಿ ಅಗೆಯಲು ಅವನಿಗೆ ಹೇಳು. ಮೇಲಿನ ಮಣ್ಣು ಯಾವಾಗ ಬೀಳುತ್ತದೆಂದು ಹೇಳಲಿಕ್ಕಾಗುವುದಿಲ್ಲ.

ರೆಕ್ಕೆಯ ಸುದ್ದಿ ಕೇಳಿದ್ದೆಯಲ್ಲ. ಕಳೆದ ವಾರ ಒಂದು ಹಳ್ಳಿಯ ನಡುವೆ ದೊಡ್ಡ ಬೇವಿನ ಮರ ಅಡ್ಡ ಬಂತು. ಕೊಂಬೆ ಕಡಿಯದೆ ರೆಕ್ಕೆ ದಾಟುವುದಿಲ್ಲ, ಊರವರು ಕಡಿಯಲು ಬಿಡುವುದಿಲ್ಲ. "ಅದು ನಮ್ಮವ್ವನ ಮರ, ಕೊಡ್ಲಿ ತಾಗಿಸ್ಬ್ಯಾಡ್ರಿ," ಎಂದು ಒಬ್ಬ ಹಿರಿಯರು ಬುಡದಲ್ಲಿ ಕೂತೇ ಬಿಟ್ಟರು. ಇಡೀ ದಿನ ಲಾರಿ ನಿಂತಿತು. ಮರುದಿನ ಬೆಳಿಗ್ಗೆ ಅವರೇ ಒಂದು ಉಪಾಯ ಹೇಳಿದರು. ಕೋಲಿನ ಹುಡುಗ ಮರ ಹತ್ತಿ ಕೊಂಬೆ ಕೊಂಬೆಗೆ ಹಗ್ಗ ಕಟ್ಟಿದ. ಹಗ್ಗ ಸಾಲದೆ ಹೆಂಗಸರು ಹಳೆಯ ಸೀರೆಗಳನ್ನು ತಂದರು. ಮತ್ತೆ ಊರಿಗೆ ಊರೇ ಎರಡು ಬದಿಯಲ್ಲಿ ನಿಂತು, ಜಡೆ ಬಿಡಿಸಿದ ಹಾಗೆ, ಆ ಮರವನ್ನು ಎರಡಾಗಿ ಎಳೆದು ಹಿಡಿಯಿತು. ನಡುವೆ ರೆಕ್ಕೆ ಹೋಯಿತು. ಎಲೆಗಳು ಅದರ ಬೆನ್ನು ಸವರುವ ಸರಸರ ಒಂದೇ ಕೇಳಿಸುತ್ತಿತ್ತು. ಹಗ್ಗ ಬಿಟ್ಟಾಗ ಮರ ಒಮ್ಮೆ ಮೈ ಕೊಡವಿ ಮೊದಲಿನ ಹಾಗೆ ನಿಂತಿತು. ಮೇಲೆ ಕೂತವನ ತಲೆಯ ತುಂಬ ಬೇವಿನ ಎಲೆ. ಅವನಿಗೆ ಇಳಿಯಲು ಮನಸ್ಸೇ ಬರಲಿಲ್ಲವಂತೆ.

ರಕ್ಷಿತ್ ಬಗ್ಗೆ ಬೇಗ ಬರಿ.

ಯತಿನ್


ಬೆಟ್ಟಂಪಾಡಿ
20 ಜನವರಿ 2020

ನನ್ನ ಯತಿನ್,

ನಿನ್ನ ಕಾಗದವನ್ನು ಪೂಜಿತಾಗೆ ಓದಿ ಹೇಳಿದೆ. ಅವಳು ಮಣ್ಣಿನ ರಾಶಿಯ ಮೇಲೆ ಬಿದ್ದು ಬಿದ್ದು ನಕ್ಕಳು. ರಕ್ಷಿತ್ ಎಂಬವನು ಇಲ್ಲ, ಮಾರಾಯ. ಅವನು ಕುಡಿಯುವುದಿಲ್ಲ, ಅವನ ಮನೆ ನಮ್ಮ ಮನೆಯೇ. ಅಗೆಯುವವಳು ನಾನು.

ಅಹ್ಮದಿಚ್ಚ ಜನ ಸಿಗದೆ ಎರಡನೇ ಸಲ ಬಂದು ಕೂತಾಗ ಕೇಳಿದೆ, "ನಾನು ಬಂದ್ರೆ ಆಗುದಿಲ್ವಾ?"

"ನೀನಾ? ಹೆಂಗಸ್ರು ಯಾರೂ ಇದುವರೆಗೆ ಮಾಡ್ಲಿಲ್ಲ, ಮೋಳೆ."

"ಮಾಡಿದ್ರೆ ಎಂತ ಆಗ್ತದೆ?"

ಅವರಿಗೆ ನಾವೆಲ್ಲ ಮೋಳೆ, ಮಗಳು. ಗಡ್ಡ ಸವರಿಕೊಂಡರು. "ಎಂತ ಆಗುದೋ ನಂಗೂ ಗೊತ್ತಿಲ್ಲ," ಎಂದರು. ಮರುದಿನ ತಮ್ಮ ಪಿಕ್ಕಾಸಿಗೆ ನನ್ನ ಕೈಗೆ ಹಿಡಿಯುವಂಥ ಹೊಸ ಹಿಡಿ ಹಾಕಿಕೊಂಡು ಬಂದರು. ಅಮ್ಮ ಮುಖ ಊದಿಸಿದ್ದು ಅದಕ್ಕೆ. ನಿನಗೆ ಹೇಳಿದರೆ ನೀನು ರಜೆ ಹಾಕಿ ಓಡಿ ಬರುತ್ತೀ, ಈ ಕಾಲದಲ್ಲಿ ರಜೆ ಹಾಕಿದವರ ಹೆಸರೇ ಮೊದಲು ಹೋಗುತ್ತದೆ ಎಂದು ಹೆದರಿ ಮುಚ್ಚಿಟ್ಟೆ. ಆದರೆ ಒಳಗೆ ಕಂಡದ್ದನ್ನು ಯಾರಿಗಾದರೂ ಹೇಳದೆ ಇರಲಾಗಲಿಲ್ಲ.

ಈಗ ಸಮಾಧಾನದಿಂದ ಓದು. ನಾನು ಚೆನ್ನಾಗಿದ್ದೇನೆ.

ನೀನು ಬರೆದ ಹಾಗೆಯೇ ಆಯಿತು. ಕಳೆದ ಬುಧವಾರ ಬೆಳಿಗ್ಗೆ ನಾನು ತುದಿಯಲ್ಲಿದ್ದೆ. ಹಿಂದೆ ಮೇಲಿನ ಮಣ್ಣು ಬಿತ್ತು. ದೊಡ್ಡ ಶಬ್ದವೇನೂ ಅಲ್ಲ, ಅಕ್ಕಿಮೂಟೆ ಕೆಳಗಿಟ್ಟ ಹಾಗೆ. ತಿರುಗಿ ನೋಡಿದರೆ ಅಮ್ಮನ ಬೆಳಕಿಲ್ಲ. ದಾರಿ ಇದ್ದಲ್ಲಿ ಗೋಡೆ. ಗಾಳಿ ಉಳಿಯಲಿ ಎಂದು ಮೇಣದ ಬತ್ತಿಯನ್ನು ನಾನೇ ಊದಿದೆ. ಅಂಥ ಕತ್ತಲೆ ನೀನು ನೋಡಿರಲಿಕ್ಕಿಲ್ಲ. ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ಅಮ್ಮನನ್ನು ಕರೆದೆ, ನಿನ್ನನ್ನು ಕರೆದೆ, ಸ್ವರ ನನ್ನ ಬಾಯಿಯ ಹತ್ತಿರವೇ ಬಿದ್ದು ಹೋಯಿತು. ಸುಮ್ಮನೆ ಗೋಡೆಗೆ ಒರಗಿ ಕೂತೆ.

ಆಗ ಕೇಳಿಸಿತು. ಬೆನ್ನಿನ ಹಿಂದೆ, ಗುಡ್ಡದ ಇನ್ನೂ ಒಳಗೆ, ಮಡಕೆಯಲ್ಲಿ ಗಂಜಿ ಕುದಿಯುವಾಗ ಕೇಳಿಸುತ್ತದಲ್ಲ, ಅಂಥ ಗುಳುಗುಳು. ಕಿವಿ ಇಟ್ಟೆ. ನಿಲ್ಲುತ್ತಿರಲಿಲ್ಲ. ಯತಿನ್, ನಾನು ಹೆದರಿಕೆಯನ್ನು ಮರೆತೆ. ನಾವು ಹುಟ್ಟುವ ಮೊದಲಿನಿಂದ, ಅಜ್ಜ ಈ ಜಾಗಕ್ಕೆ ಬರುವ ಮೊದಲಿನಿಂದ ಅದು ಅಲ್ಲಿ ಹರಿಯುತ್ತಾ ಇದೆ. ಯಾರಿಗೂ ಗೊತ್ತಿಲ್ಲ. ನಾವು ಅದರ ಮೇಲೆ ನಡೆದಾಡಿ, ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡಿದ್ದೇವೆ. ಎರಡು ಕೈಯನ್ನೂ ಗೋಡೆಗೆ ಇಟ್ಟು, ಕೆನ್ನೆ ಇಟ್ಟು, ಅಲ್ಲೇ ಇದ್ದೆ. ಎಷ್ಟು ಹೊತ್ತೆಂದು ಗೊತ್ತಿಲ್ಲ.

ಮತ್ತೆ ಆಚೆ ಬದಿಯಲ್ಲಿ ಕೆರೆಯುವ ಶಬ್ದ. ಪೂಜಿತಾ ಕೈಯಿಂದಲೇ ಮಣ್ಣು ತೆಗೆಯುತ್ತಿದ್ದಳು, ಪಿಕ್ಕಾಸು ಹಾಕಿದರೆ ಇನ್ನಷ್ಟು ಬಿದ್ದೀತೆಂದು. ಮೊಣಕಾಲು ಇಲ್ಲ ಎಂದ ಅಹ್ಮದಿಚ್ಚ ತೆವಳಿಕೊಂಡು ಅವಳ ಹಿಂದೆ ಬಂದಿದ್ದರು. ಬೆರಳು ಹೋಗುವಷ್ಟು ತೂತು ಆಯಿತು. ಅದರಿಂದ ಬಿಸಿಲು, ನೂಲಿನ ಹಾಗೆ, ನನ್ನ ಭುಜದ ಮೇಲೆ ಹಾದು ಗೋಡೆಗೆ ಬಿತ್ತು. ಗೋಡೆ ಒದ್ದೆಯಾಗಿತ್ತು. ಮಿನುಗುತ್ತಿತ್ತು.

"ಮೋಳೇ, ಉಂಟಾ?" ಅಹ್ಮದಿಚ್ಚ ತೂತಿಗೆ ಬಾಯಿ ಇಟ್ಟು ಕೇಳಿದರು.

"ಇದ್ದೇನೆ ಅಹ್ಮದಿಚ್ಚ. ನೀರೂ ಉಂಟು," ಎಂದೆ.

ಹೊರಗೆ ಬಂದ ಮೇಲೆ ತಿಳಿಯಿತು. ಅಷ್ಟು ಹೊತ್ತೂ ಅಮ್ಮ ಅಳಲಿಲ್ಲ, ಕೂಗಲಿಲ್ಲ, ನಿಂತ ಜಾಗ ಬಿಟ್ಟು ಓಡಿ ಬರಲಿಲ್ಲ. ತಾನು ಕನ್ನಡಿ ಬಿಟ್ಟರೆ ಅಗೆಯುವವರಿಗೆ ಕತ್ತಲೆ ಎಂದು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ನಾನು ಹತ್ತಿರ ಹೋಗಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಆಮೇಲೆ ನನ್ನನ್ನು ತಬ್ಬಿಕೊಂಡು, "ನಾಳೆ ನೀನು ಒಳಗೆ ಹೋಗುದು ಬೇಡ," ಎಂದಳು. ಮರುದಿನ ನಾನು ಹೊರಡುವಾಗ ಕನ್ನಡಿ ಒರೆಸುತ್ತಿದ್ದಳು. ಮಣ್ಣು ಬಿದ್ದಲ್ಲಿ ಈಗ ಕಲ್ಲು ಕಟ್ಟಿ ಕಮಾನು ಮಾಡಿದ್ದೇವೆ.

ನಿನ್ನೆ ತುದಿಯ ಗೋಡೆ ಒಡೆಯಿತು. ನೀರು ಬಂತು. ಮೊದಲು ಕೆಸರು, ಸಂಜೆಗೆ ಕನ್ನಡಕದ ಗಾಜಿನ ಹಾಗೆ ತಿಳಿ. ಪಕ್ಕದ ಮನೆಯವರೆಲ್ಲ ಕೊಡ ತಂದು ತುಂಬಿಸಿಕೊಂಡರು.

ಇನ್ನು ನನ್ನ ಪ್ರಶ್ನೆ. ಸುಳ್ಳು ಹೆಸರು ಹೇಳಿ ನನ್ನದೇ ಕತೆ ಬರೆದವಳು ನಾನು. ಹಾಗಾಗಿ ನಿನ್ನ ಕಾಗದಗಳನ್ನು ಇನ್ನೊಮ್ಮೆ ತೆಗೆದು ಓದಿದೆ. ಆ ಕೋಲಿನ ಹುಡುಗನಿಗೆ ಉಸಿರು ಮರೆತದ್ದು, ಮರದಿಂದ ಇಳಿಯಲು ಮನಸ್ಸು ಬಾರದ್ದು ನಿನಗೆ ಹೇಗೆ ಗೊತ್ತು? ಅವನು ನೀನೇ ಅಲ್ವಾ? ಹೊಸೂರಿನ ಕೆಲಸ ಯಾವಾಗ ಹೋಯಿತು?

ಅಕ್ಕ


ಗದಗದ ಹತ್ತಿರ, ಒಂದು ಗುಡ್ಡದ ಮೇಲಿಂದ
16 ಫೆಬ್ರವರಿ 2020

ಅಕ್ಕ,

ಹಿರಿಯೂರಿಗೆ ಬಂದು ಬಿದ್ದಿದ್ದ ನಿನ್ನ ಕಾಗದವನ್ನು ಮಿದ್ಲಾಜ್ ಮೊನ್ನೆ ತಂದು ಕೊಟ್ಟ. ನಿಂತಲ್ಲೇ ಓದಿದೆ. ಮಣ್ಣು ಬಿದ್ದ ಜಾಗಕ್ಕೆ ಬಂದಾಗ ಕೂತೆ. ಆ ದಿನ ನಾನು ಎಲ್ಲಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಯಾವುದೋ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದಿರಬೇಕು. ನೀನು ಕರೆದದ್ದು ನನಗೆ ಕೇಳಿಸಲಿಲ್ಲ, ಅಕ್ಕ.

ಹೌದು, ನಾನೇ.

ನಿನ್ನ ಮೊದಲ ಕಾಗದ ಬಂದ ವಾರವೇ ಕೆಲಸ ಹೋಯಿತು. ಯಾರೂ ಏನೂ ಹೇಳಲಿಲ್ಲ. ಬೆಳಿಗ್ಗೆ ಗೇಟಿನಲ್ಲಿ ಕಾರ್ಡ್ ತೋರಿಸಿದೆ, ಹಸಿರು ದೀಪದ ಬದಲು ಕೆಂಪು ಬಂತು. ಇನ್ನೊಮ್ಮೆ ತೋರಿಸಿದೆ, ಮತ್ತೆ ಕೆಂಪು. ಹಿಂದೆ ನಿಂತವರು, "ಸ್ವಲ್ಪ ಬದಿಗೆ ಬಾಪ್ಪಾ," ಎಂದರು. ಬದಿಗೆ ಬಂದೆ. 'ನಿನ್ನ ಕೆಲಸ ಇದೆಯಲ್ಲ' ಎಂದು ನೀನು ಬರೆದಿದ್ದೆ. ಅದಕ್ಕೆ ಏನು ಉತ್ತರ ಬರೆಯಲಿ?

ಕೆಲವು ದಿನ ಫ್ಯಾಕ್ಟರಿ ಫ್ಯಾಕ್ಟರಿ ಸುತ್ತಿದೆ. ಎಲ್ಲ ಗೇಟಿನಲ್ಲೂ ನನ್ನಂಥವರದ್ದೇ ಗುಂಪು. ಒಂದು ದಿನ ಹೈವೇ ಬದಿಯಲ್ಲಿ ಕೂತಿದ್ದಾಗ ಅದು ಬಂತು. ಆ ರೆಕ್ಕೆ. ನನಗೆ ಏನಾಯಿತೋ ಗೊತ್ತಿಲ್ಲ. ಎದ್ದು ಅದರ ಜೊತೆ ನಡೆದೆ. ಬಾಯಿ ತೆರೆದುಕೊಂಡೇ ನಡೆದಿರಬೇಕು. ಮುಂದಿನ ಜೀಪಿಗೆ ನಮ್ಮ ಪುತ್ತೂರಿನ ನಂಬರ್. ತುಳುವಿನಲ್ಲಿ ಕೇಳಿದೆ, ಇದು ಹೋಗುವುದೆಲ್ಲಿಗೆ ಎಂದು. ಮಿದ್ಲಾಜ್ ತಲೆ ಹೊರಗೆ ಹಾಕಿ, "ನಿಂಗೆ ಕೆಲಸ ಉಂಟಾ?" ಎಂದ. "ಇಲ್ಲ." "ಹಾಗಾದ್ರೆ ಹತ್ತು ಮಾರಾಯ, ಹೋಗ್ತಾ ಹೇಳ್ತೇನೆ!" ಇಲ್ಲ ಎಂಬ ಮಾತನ್ನು ನಾನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ನಿನ್ನೆ ಕೊನೆಯ ರೆಕ್ಕೆ ಮೇಲೆ ಹೋಯಿತು. ಗಾಳಿ ಪೂರ್ತಿ ನಿಂತ ಹೊತ್ತಿನಲ್ಲೇ ಎತ್ತಬೇಕು. ಗಾಳಿಗಾಗಿ ಮಾಡಿದ್ದನ್ನು ಗಾಳಿ ಇಲ್ಲದಿರಲಿ ಎಂದು ಕಾದು ಕಾದು ಎತ್ತಿದೆವು. ನಾವು ನಾಲ್ಕೈದು ಜನ ಕೆಳಗಿನಿಂದ ಹಗ್ಗ ಹಿಡಿದು ಅದು ತಿರುಗದಂತೆ ನೋಡಿಕೊಂಡೆವು. ತಿಂಗಳುಗಟ್ಟಲೆ ನನ್ನ ತಲೆಯ ಮೇಲೆ ಮಲಗಿಕೊಂಡು ಬಂದದ್ದು, ಕಣ್ಣೆದುರೇ ಎದ್ದು ಆಕಾಶಕ್ಕೆ ಹೋಯಿತು. ಮೇಲೆ ಬೋಲ್ಟ್ ಹಾಕುವವರು ಇರುವೆಗಳಷ್ಟು ಕಾಣುತ್ತಿದ್ದರು.

ಸುತ್ತಲಿನ ಹಳ್ಳಿಯವರು ರೊಟ್ಟಿ ಬುತ್ತಿ ಕಟ್ಟಿಕೊಂಡು ನೋಡಲು ಬಂದಿದ್ದರು. ಒಬ್ಬ ಅಜ್ಜಿ ನನ್ನ ತೋಳು ಹಿಡಿದು ಕೇಳಿದಳು, "ತಮ್ಮಾ, ಇದು ಗಾಳಿ ಬಿಡ್ತೈತೋ, ಗಾಳಿ ಕುಡೀತೈತೋ?"

"ಕುಡೀತದೆ ಅಜ್ಜಿ," ಎಂದೆ.

ಇವತ್ತು ಬೆಳಿಗ್ಗೆ ಇದರ ಪಕ್ಕದಲ್ಲಿ ಮೊದಲೇ ನಿಲ್ಲಿಸಿ ಮುಗಿಸಿದ್ದ ಯಂತ್ರವನ್ನು ತಿರುಗಲು ಬಿಟ್ಟರು. ಅದರ ರೆಕ್ಕೆಗಳನ್ನೂ ನಾವೇ ತಂದದ್ದು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಮತ್ತೆ ಒಂದು ರೆಕ್ಕೆ, ನಿದ್ದೆಯಿಂದ ಏಳುವವರ ಹಾಗೆ, ಒಂದಿಷ್ಟು ಜರುಗಿತು. ಆಮೇಲೆ ನಿಲ್ಲಲೇ ಇಲ್ಲ. ಅದರ ನೆರಳು ನಮ್ಮ ಮೇಲೆ, ಹೊಲದ ಮೇಲೆ, ಕುರಿಗಳ ಮೇಲೆ ಹಾದು ಹೋಗುತ್ತಿತ್ತು. ಇವತ್ತೂ ಬಂದಿದ್ದ ಆ ಅಜ್ಜಿ ಕೈ ಮುಗಿದಳು. ನನಗೂ ಹಾಗೆಯೇ ಮಾಡಬೇಕೆನಿಸಿತು, ಮಾಡಿದೆ.

ಅಲ್ಲಿಗೆ ಕೆಲಸ ಮುಗಿಯಿತು. ಮುಂದಿನ ರೆಕ್ಕೆ ಯಾವಾಗ ಬರುತ್ತದೆಂದು ಗುತ್ತಿಗೆದಾರರಿಗೂ ಗೊತ್ತಿಲ್ಲ. ಹೊಸೂರಿನಿಂದ ಕರೆ ಬಂದಿಲ್ಲ. ಈಗ ನನಗೆ ಕೆಲಸ ಇಲ್ಲ, ಅಕ್ಕ. ಬರೆದು ನೋಡಿದರೆ ಇಷ್ಟೇ ಸಣ್ಣ ವಾಕ್ಯ. ಅಮ್ಮನಿಗೆ ಇದನ್ನು ಹೇಗೆ ಹೇಳುವುದು? ಬರಿಗೈಯಲ್ಲಿ ಬಂದು ಅಂಗಳದಲ್ಲಿ ನಿಲ್ಲಲು ನನಗೆ ಆಗುವುದಿಲ್ಲ.

ಮಿದ್ಲಾಜ್‌ನ ಅಣ್ಣನ ಮನೆ ಹುಬ್ಬಳ್ಳಿಯಲ್ಲಿ ಉಂಟು. ಸದ್ಯ ಅಲ್ಲಿರುತ್ತೇನೆ. ವಿಳಾಸವನ್ನು ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ.

ಯತಿನ್


ಬೆಟ್ಟಂಪಾಡಿ
24 ಫೆಬ್ರವರಿ 2020

ಯತಿನ್,

ನಾಳೆ ನಾನೂ ಪೂಜಿತಾಳೂ ಕಡಬದ ಬಸ್ಸು ಹತ್ತುತ್ತೇವೆ. ಕೋಡಿಂಬಾಳದ ಅಚ್ಚುತಣ್ಣ ಎಂಬವರು ನಮ್ಮ ನೀರನ್ನು ನೋಡಲೆಂದೇ ಬಂದಿದ್ದರು. ಅವರ ರಬ್ಬರ್ ತೋಟದ ಮೇಲಿನ ಗುಡ್ಡಕ್ಕೂ ಸುರಂಗ ಬೇಕಂತೆ. ತೋಡುವವರು ಯಾರು ಎಂದು ಕೇಳಿದಾಗ ಅಹ್ಮದಿಚ್ಚ ನನ್ನನ್ನು ತೋರಿಸಿದರು. ಅವರು ನನ್ನ ಮುಖ ನೋಡಿದರು, ಪಿಕ್ಕಾಸು ನೋಡಿದರು. "ಅಲ್ಲಿ ನೀರು ಸಿಕ್ಕುದು ಗ್ಯಾರಂಟಿಯಾ?" ಎಂದು ಅಹ್ಮದಿಚ್ಚನನ್ನೇ ಕೇಳಿದರು. "ಗುಡ್ಡ ನೋಡದೆ ನಾನು ಹೇಳುದಿಲ್ಲ. ತೋಡುದು ಮಾತ್ರ ಇವಳೇ," ಎಂದರು ಅವರು. ಇದು ಮುಗಿದ ಮೇಲೆ ಏನು ಎಂದು ನನಗೂ ಗೊತ್ತಿಲ್ಲ. ನಿನ್ನ ರೆಕ್ಕೆಯ ಹಾಗೆಯೇ.

ನಿನ್ನ ಕಾಗದವನ್ನು ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಒಂದು ಸಾಲೂ ಬಿಡಲಿಲ್ಲ, ಕೆಂಪು ದೀಪವನ್ನೂ. ಅವಳು ಬಾಗಿಲಿಗೆ ಒರಗಿ ಕೇಳಿದಳು. ಮುಗಿದ ಮೇಲೆ ಕೆಲಸದ ಬಗ್ಗೆ ಒಂದು ಮಾತಿಲ್ಲ. "ಆ ರೆಕ್ಕೆ ಎದ್ದದ್ದು ಇನ್ನೊಮ್ಮೆ ಓದು," ಎಂದಳು. ಓದಿದೆ. "ಮೊದಲು ಬರೆದದ್ದೂ ಉಂಟಲ್ಲ, ಆ ಮರದ್ದು, ಅದನ್ನೂ ಓದು," ಎಂದಳು. ಅದನ್ನೂ ಓದಿದೆ. ಆಮೇಲೆ ಎದ್ದು ಸೀರೆಯನ್ನು ಮೇಲೆ ಕಟ್ಟಿ, "ನಂಗೆ ಒಳಗೆ ಹೋಗ್ಬೇಕು," ಎಂದಳು.

ಯತಿನ್, ಅಮ್ಮ ಇದುವರೆಗೆ ಸುರಂಗದೊಳಗೆ ಕಾಲಿಟ್ಟಿರಲಿಲ್ಲ. ನಾನು ಟಾರ್ಚ್ ಹಿಡಿದು ಮುಂದೆ, ಅವಳು ನನ್ನ ಭುಜ ಹಿಡಿದು ಹಿಂದೆ. ನೀರು ಪಾದಕ್ಕೆ ಮುಟ್ಟಿದಾಗ ಒಮ್ಮೆ ನಿಂತಳು. "ತಣ್ಣಗೆ ಉಂಟು," ಎಂದು ತನಗೇ ಹೇಳಿಕೊಂಡಳು. ತುದಿಯಲ್ಲಿ ಈಗ ನೀರು ಮೊಣಕಾಲಿನವರೆಗೆ ನಿಲ್ಲುತ್ತದೆ. ಟಾರ್ಚಿನ ಬೆಳಕು ನೀರಿಗೆ ಬಿದ್ದು ಮೇಲಿನ ಮಣ್ಣಿನ ತುಂಬ ಓಡಾಡುತ್ತಿತ್ತು, ಹಳದಿಯಲ್ಲಿ, ಬಿಳಿಯಲ್ಲಿ, ನೇರಳೆಯಲ್ಲಿ. ಗೋಡೆಯ ಸೀಳಿನಿಂದ ನೀರು ಬರುತ್ತಲೇ ಇತ್ತು. ಅಮ್ಮ ಅದಕ್ಕೆ ಕೈ ಒಡ್ಡಿದಳು. ಬೊಗಸೆ ತುಂಬಿತು, ಚೆಲ್ಲಿತು, ಮತ್ತೆ ತುಂಬಿತು. ಅವಳು ಕುಡಿಯಲಿಲ್ಲ. ಸುಮ್ಮನೆ ತುಂಬುವುದನ್ನೇ ನೋಡುತ್ತಾ ನಿಂತಳು.

"ಇಷ್ಟು ವರ್ಷ ಇದು ಇಲ್ಲೇ ಇತ್ತಾ?" ಎಂದು ಕೇಳಿದಳು.

"ಇತ್ತು ಅಮ್ಮ."

ನಾನು ಹೊರಡುವ ಎಂದು ತಿರುಗಿದೆ. ಅವಳು ಕದಲಲಿಲ್ಲ. ಕತ್ತಲೆಯಲ್ಲಿ ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ಸ್ವರ ಮಾತ್ರ ಕೇಳಿಸಿತು.

"ಅವನಿಗೆ ಬರ್ಲಿಕ್ಕೆ ಬರಿ. ಕೆಲಸ ಸಿಕ್ಕಿದ ಮೇಲೆ ಬರುದಲ್ಲ. ಈಗ ಬರ್ಲಿಕ್ಕೆ ಬರಿ."

ಬರೆದಿದ್ದೇನೆ.

ಅಕ್ಕ